ನಾಪಾಸಾದ ಹೊಲ

ನಾನು ವಿಜಯಪುರದ ಪೇಟೆಯೊಳಗೆ ಬೆಳೆದವಳು. ನಮ್ಮ ಮನೆಯ ಮುಂದೆ ಡಾಂಬರು ರಸ್ತೆ, ಹಿಂದೆ ಇನ್ನೊಬ್ಬರ ಗೋಡೆ. ಜೋಳ ಚೀಲದಲ್ಲಿ ಬರುತ್ತದೆ, ಶೇಂಗಾ ಡಬ್ಬಿಯಲ್ಲಿರುತ್ತದೆ ಎನ್ನುವುದಕ್ಕಿಂತ ಹೆಚ್ಚಿನ ಕೃಷಿಜ್ಞಾನ ನಲವತ್ತು ವರ್ಷದವರೆಗೆ ನನಗೆ ಬೇಕಾಗಿರಲಿಲ್ಲ. ಮದುವೆಯಾಗಿ ಗಡಿಯಾಚೆ ಮಹಾರಾಷ್ಟ್ರದ ಜತ್ತಕ್ಕೆ ಬಂದು, ತಿಕೋಂಡಿ ಕಡೆಯ ಒಂದು ಹಳ್ಳಿಯ ಕನ್ನಡ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸತೊಡಗಿದ ಮೇಲೂ ನಾನು ಹೊಲಗಳನ್ನು ನೋಡುತ್ತಿದ್ದುದು ಸ್ಕೂಟಿಯ ಮೇಲಿಂದಲೇ.

ಒಂದು ಜೂನ್ ತಿಂಗಳಲ್ಲಿ ಮುಖ್ಯಾಧ್ಯಾಪಕರು ನನ್ನನ್ನು ಕರೆದು ಒಂದು ಸುತ್ತೋಲೆಯನ್ನು ಮುಂದಿಟ್ಟರು. ನಮಗೆ ಬರುವ ಸುತ್ತೋಲೆಗಳೆಲ್ಲ ಮರಾಠಿಯಲ್ಲಿ; ನನ್ನ ಮರಾಠಿಯೋ ಬಸ್ ಕಂಡಕ್ಟರರ ಹತ್ತಿರ ಚಿಲ್ಲರೆ ಕೇಳುವಷ್ಟರದು. ಒಂಬತ್ತನೆಯ ತರಗತಿಗೆ ಕೃಷಿ ವಿಷಯವನ್ನು ‘ಪ್ರಾತ್ಯಕ್ಷಿಕ’ದ ಮೂಲಕ ಕಲಿಸಬೇಕು ಎಂದಿತ್ತು. ಪ್ರತ್ಯಕ್ಷವಾಗುವವರು ದೇವರು ಮಾತ್ರ ಎಂದು ತಿಳಿದಿದ್ದ ನನಗೆ, ಹಾಗೆಂದರೆ ಕೈಯಾರೆ ಮಾಡಿ ತೋರಿಸುವುದು ಎಂದು ಅವರೇ ಬಿಡಿಸಿ ಹೇಳಿದರು. ಮಾಡಿ ತೋರಿಸುವವರು ಯಾರು ಎಂದು ಕೇಳಿದೆ. ನೀವೇ ಎಂದರು. ಮಣ್ಣಿನಲ್ಲಿ ರಸಾಯನಶಾಸ್ತ್ರ, ಬೆಳೆಯಲ್ಲಿ ಜೀವಶಾಸ್ತ್ರ, ನೇಗಿಲಿನಲ್ಲಿ ಭೌತಶಾಸ್ತ್ರ ಇರುವುದರಿಂದ ವಿಜ್ಞಾನ ಬಲ್ಲವರಿಗೆ ಕೃಷಿ ಬಂದೇ ಬರುತ್ತದೆ ಎನ್ನುವುದು ಅವರ ವಾದ. ಅವರು ಸ್ವತಃ ಒಕ್ಕಲಿಗರ ಮನೆಯವರು, ಹನ್ನೆರಡು ಎಕರೆಯ ಒಡೆಯರು. ಆದರೆ ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದವು. ಆ ಎರಡು ವರ್ಷ ಯಾವುದೂ ತಮ್ಮ ಮೈಮೇಲೆ ಬರದಂತೆ ನೋಡಿಕೊಳ್ಳುವುದೇ ಅವರ ಮುಖ್ಯ ಕೆಲಸವಾಗಿತ್ತು.

ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಎಲ್ಲರೂ ತೊಟ್ಟಿಲನ್ನು ಹೊಲದ ಬೇವಿನ ಮರಕ್ಕೆ ಕಟ್ಟಿಸಿಕೊಂಡು ಬೆಳೆದವರು. ಅವರಿಗೆ ನಾನು ಪುಸ್ತಕ ಹಿಡಿದು ಬಿತ್ತನೆ ಹೇಳಬೇಕು. ಮೊದಲ ಕೆಲವು ತಿಂಗಳು ಅವರು ನನ್ನನ್ನು, ಇಲ್ಲಿ ಶಿಕ್ಷಕಿಯನ್ನು ಕರೆಯುವಂತೆ ‘ಬಾಯಾರ’ ಎನ್ನುತ್ತ, ಬಹಳ ಮರ್ಯಾದೆಯಿಂದ ನಡೆಸಿಕೊಂಡರು. ತಪ್ಪು ಹೇಳಿದರೆ ಯಾರೂ ನಗುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು, ಅಷ್ಟೇ. ಜನವರಿಯಲ್ಲಿ ಒಮ್ಮೆ, ದೂರದಿಂದ ಚೆಂದ ಕಂಡ ಕೇಸರಿ ಹೂವಿನ ಹೊಲವೊಂದಕ್ಕೆ ನಾನು ಸೀರೆಯುಟ್ಟು ಸರಸರನೆ ನಡೆದುಬಿಟ್ಟೆ. ಅದು ಕುಸುಬಿ. ಹೂಬಿಟ್ಟ ಕುಸುಬಿಗೆ ಎಲೆ ಎಲೆಗೂ ಮುಳ್ಳು ಎನ್ನುವುದು ಪುಸ್ತಕದಲ್ಲಿ ಮುಂದಿನ ಪಾಠ. ಒಳಗೆ ಹತ್ತು ಹೆಜ್ಜೆ ಹೋದವಳು ಹಿಂದೆಯೂ ಬರಲಾಗದೆ ಮುಂದೆಯೂ ಹೋಗಲಾಗದೆ ನಿಂತಾಗ ನಾಲ್ವರು ಹುಡುಗಿಯರು ಬಂದು ಸೀರೆಯನ್ನು ಎಳೆ ಎಳೆಯಾಗಿ ಬಿಡಿಸಿ ನನ್ನನ್ನು ದಂಡೆಗೆ ಸೇರಿಸಿದರು. ಆ ದಿನದಿಂದ ನಾನು ಹೊಲಕ್ಕೆ ಹೊರಟರೆ ಒಬ್ಬಳು ನನ್ನ ಮುಂದೆ, ಒಬ್ಬಳು ಹಿಂದೆ ನಡೆಯುವುದು ರೂಢಿಯಾಯಿತು.

ಮುಂದೆ ನಡೆಯುತ್ತಿದ್ದವಳು ತರಗತಿಯ ಮಾನಿಟರ್. ಎರಡು ಜಡೆಯ, ಕಡ್ಡಿಯಂಥ ಹುಡುಗಿ. ಮಾತು ಕಡಿಮೆ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ.

ಫೆಬ್ರವರಿಯಲ್ಲಿ ಶಾಲೆಗೆ ಮಣ್ಣು ಪರೀಕ್ಷೆಯ ಒಂದು ಪೆಟ್ಟಿಗೆ ಬಂತು. ಒಳಗೆ ಸಣ್ಣ ಸಣ್ಣ ಬಾಟಲಿಗಳು, ಒಂದು ಬಣ್ಣದ ಕಾರ್ಡು. ಮಣ್ಣಿಗೆ ಬಾಟಲಿಯ ನೀರು ಹಾಕಿ ಅಲುಗಾಡಿಸಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣದ ಪಕ್ಕ ಹಿಡಿದರೆ ಹೊಲದ ಆರೋಗ್ಯ ತಿಳಿಯುತ್ತದೆ. ನನಗೆ ಅಂದು ಮೊದಲ ಸಲ ಧೈರ್ಯ ಬಂತು. ಬಾಟಲಿ, ಬಣ್ಣ, ಇದು ನನ್ನ ರಾಜ್ಯ. ‘ಸಾವಯವ ಇಂಗಾಲ’ ಎಂದು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಇಂಗಾಲ ಅಂದರೆ ಅಡುಗೆಗೆ ಹಾಕುವ ಇಂಗೋ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಅಲ್ಲ, ಮಣ್ಣಿನೊಳಗೆ ಕೊಳೆತು ಸೇರಿದ ಸೆಗಣಿ, ಸೊಪ್ಪು, ಬೇರು ಇವುಗಳಿಂದ ಬರುವ ಶಕ್ತಿ ಎಂದು ಐದು ನಿಮಿಷ ವಿವರಿಸಿದೆ. ಮಾನಿಟರ್ ಎದ್ದು ನಿಂತು, “ಅದಕ್ಕ ಕಸುವು ಅಂತಾರ್ರಿ ಬಾಯಾರ” ಎಂದು ಹೇಳಿ ಕುಳಿತಳು. ಐದು ನಿಮಿಷದ ಪಾಠ ಒಂದು ಶಬ್ದದಲ್ಲಿ ಮುಗಿಯಿತು.

ಪ್ರತಿಯೊಬ್ಬರೂ ತಮ್ಮ ಹೊಲದ ಮಣ್ಣು ತರಬೇಕು ಎಂದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಕಡೆ ಗೇಣುದ್ದ ತಗ್ಗು ತೋಡಿ, ಎಲ್ಲವನ್ನೂ ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಅರಿವೆಯ ಚೀಲದಲ್ಲಿ ಹಾಕಿ ತರುವುದು. ಗಿಡದ ಬುಡದಲ್ಲಿ, ತಿಪ್ಪೆಯ ಹತ್ತಿರ ತೆಗೆಯಬಾರದು. ಮೂವತ್ತೆಂಟು ಚೀಲ ಬಂದವು. ಅದರಲ್ಲಿ ಒಂದು ಹುತ್ತದ ಮಣ್ಣು, ಅಜ್ಜಿ ಪೂಜೆ ಮಾಡಿ ಕಳಿಸಿದ್ದು. ಪಾಲಕರ ಸಮಿತಿಯ ಹಿರಿಯ ಸದಸ್ಯರೊಬ್ಬರ ಮನೆಯಿಂದ ಬಂದ ಮಣ್ಣು ಕಪ್ಪಗೆ, ಮೆತ್ತಗೆ, ಸ್ವಲ್ಪ ವಾಸನೆಯಿಂದ ಕೂಡಿತ್ತು. ಆಗ ನನಗೆ ಅನುಮಾನ ಬರಲಿಲ್ಲ.

ಮೂರು ವಾರ ಪರೀಕ್ಷೆ ನಡೆಯಿತು. ಇಲ್ಲಿಯ ಮಣ್ಣಿನಲ್ಲಿ ಸುಣ್ಣ ಹೆಚ್ಚು. ಆಮ್ಲದ ಹನಿ ಬಿದ್ದರೆ ನೊರೆ ಬರುತ್ತದೆ. ಮಾನಿಟರ್ ಹುಡುಗಿಯ ಹೊಲದ ಮಣ್ಣಂತೂ ಎಲ್ಲಕ್ಕಿಂತ ಜೋರಾಗಿ ಭುಸ್ಸೆಂದಿತು. ನಿಮ್ಮ ಹೊಲದಲ್ಲಿ ಸೋಡಾ ಬೆಳೆಯುತ್ತದೆ ಎಂದು ಹುಡುಗರು ನಕ್ಕರು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ನಾನು ಹೇಳಿಕೊಟ್ಟಂತೆ ಕಂಡದ್ದನ್ನು ಕಂಡಂತೆ ವಹಿಯಲ್ಲಿ ಬರೆದುಕೊಂಡಳು.

ಇಲ್ಲಿಯವರೆಗೆ ಎಲ್ಲ ಸರಿ. ಇನ್ನು ಮುಂದಿನ ತಪ್ಪು ನನ್ನದೇ. ಕಾರ್ಡಿನ ಬಣ್ಣಗಳು ಯಾರಿಗೂ ತಿಳಿಯುವುದಿಲ್ಲ ಎಂದು ಅವನ್ನು ನಾನು ಅಂಕಗಳಿಗೆ ಇಳಿಸಿದೆ. ಹದಿನೇಳು ವರ್ಷ ಮಾಸ್ತರಿಕೆ ಮಾಡಿದವರ ಕೈ ಮತ್ತೇನು ಮಾಡೀತು? ಹತ್ತಕ್ಕೆ ಇಷ್ಟು. ನಾಲ್ಕರ ಕೆಳಗೆ ಕೆಂಪು ಗೆರೆ. ಹೊಲದ ಯಜಮಾನರ ಹೆಸರು, ಮುಂದೆ ಅಂಕ, ಪಾಸು, ನಾಪಾಸು. ದೊಡ್ಡ ಹಾಳೆಯಲ್ಲಿ ಬರೆಸಿ ಶಾಲೆಯ ಪಡಸಾಲೆಯಲ್ಲಿ ಹಚ್ಚಿಸಿದೆ. ಸಮಿತಿಯ ಹಿರಿಯರ ಹೊಲ ಒಂಬತ್ತು ಅಂಕ ಪಡೆದು ಮೊದಲಿಗಾಗಿತ್ತು. ಮಾನಿಟರಿನ ಅಪ್ಪನ ಹೊಲ ಮೂರು.

ನಮ್ಮ ಶಾಲೆಯ ಎದುರಿಗೇ ಹಾಲಿನ ಡೇರಿ. ಸಂಜೆ ಹಾಲು ಹಾಕಲು ಬಂದವರು ಸರದಿ ಬರುವವರೆಗೆ ಪಡಸಾಲೆಗೆ ಬಂದು ಹಾಳೆ ಓದಿದರು, ಫೋನಿನಲ್ಲಿ ಫೋಟೊ ಹೊಡೆದುಕೊಂಡರು. ಎರಡು ದಿನದಲ್ಲಿ ಅದು ಗುಡ್ಡಾಪುರ ದಾಟಿ ವಳಸಂಗದವರೆಗೂ ಹೋಯಿತಂತೆ.

ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮಾನಿಟರಿನ ಅಪ್ಪ ಬಂದು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದರು. ಐವತ್ತರ ಮೇಲಿನ ವಯಸ್ಸು, ಬಿಳಿ ಟೊಪ್ಪಿಗೆ, ಹಣೆಗೆ ವಿಭೂತಿ. ಸಿಟ್ಟಿನ ಮನುಷ್ಯರಲ್ಲ, ನೊಂದ ಮನುಷ್ಯರು. ನಾನು ಕುರ್ಚಿ ಕೊಟ್ಟರೂ ಕೂಡಲಿಲ್ಲ.

“ಬಾಯಾರ, ನಮ್ಮ ಹೊಲಾ ನಾಪಾಸ್ ಮಾಡೀರಂತಲ್ರಿ” ಎಂದರು. “ನಾಕ ತಲಿಮಾರ ಅದ ಹೊಲದ್ದ ಉಂಡೀವಿ. ಒಂದ ಹಾಳಿ ಹಚ್ಚಿ ನಾಪಾಸ್ ಅಂದ್ರ ಹ್ಯಾಂಗ್ರಿ?”

ಆಮೇಲೆ ಒಂದೊಂದಾಗಿ ಹೇಳಿದರು. ಅವರ ಹಿರಿಯ ಮಗನಿಗೆ ಹೆಣ್ಣು ನೋಡುತ್ತಿದ್ದರು. ವಿಜಯಪುರದ ಆಚೆಯ ಊರಿನವರು ನಿನ್ನೆ ಭಾನುವಾರ ಮನೆತನ ನೋಡಲು ಬಂದಿದ್ದರು. ಎಲ್ಲ ಸರಿಹೋಗಿ, ಚುರುಮುರಿಯ ಸೂಸಲಾ ತಿಂದು ಚಹಾ ಕುಡಿಯುವಾಗ ಹೆಣ್ಣಿನ ಸೋದರಮಾವ ಫೋನು ತೆಗೆದು, ನಿಮ್ಮ ಹೊಲ ಸಾಲಿಯಲ್ಲಿ ನಾಪಾಸಾಗಿದೆಯಂತಲ್ಲ ಎಂದು ಕೇಳಿದನಂತೆ. ಹೊರಡುವಾಗ ಅವರು, ಸ್ವಲ್ಪ ದಿನ ಬಿಟ್ಟು ತಿಳಿಸುತ್ತೇವೆ ಎಂದು ಹೇಳಿ ಹೋದರು. ಬಿಟ್ಟು ತಿಳಿಸುತ್ತೇವೆ ಎಂದರೆ ಅರ್ಥವೇನು ಎಂದು ಎಲ್ಲರಿಗೂ ಗೊತ್ತು.

ಸುದ್ದಿ ಕೇಳಿದ ಮುಖ್ಯಾಧ್ಯಾಪಕರು ತಮ್ಮ ಕೈಯಿಂದಲೇ ಹಾಳೆಯನ್ನು ಕಿತ್ತು ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಆದರೆ ಆ ಮನುಷ್ಯರಿಗೆ ಬೇಕಾದದ್ದು ಅದಲ್ಲ. ಹತ್ತನೆಯ ಪರೀಕ್ಷೆಯಲ್ಲಿ ನಾಪಾಸಾದವರು ಉತ್ತರಪತ್ರಿಕೆಯನ್ನು ಮತ್ತೊಮ್ಮೆ ತಿದ್ದಿಸಿಕೊಳ್ಳುವುದಕ್ಕೆ ಇಲ್ಲಿ ‘ಫೇರತಪಾಸಣಿ’ ಎನ್ನುತ್ತಾರೆ. ಹಿರಿಯ ಮಗನಿಗೆ ಗಣಿತದಲ್ಲಿ ಹಾಗೆ ಮಾಡಿಸಿ ಪಾಸು ಮಾಡಿಕೊಂಡ ಅನುಭವ ಅವರಿಗಿತ್ತು.

“ಹುಡುಗರಿಗಿ ಐತಿ ಅಂದಮ್ಯಾಲ ಹೊಲಕ್ಕೂ ಇರಬೇಕಲ್ರಿ” ಎಂದರು. “ನಮ್ಮ ಹೊಲದ್ದ ಒಂದ ಫೇರತಪಾಸಣಿ ಮಾಡ್ರಿ.”

ಆ ಶನಿವಾರ ಇಡೀ ತರಗತಿ ಅವರ ಹೊಲಕ್ಕೆ ನಡೆಯಿತು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ದಂಡೆಯಲ್ಲಿ ಕಾಯುತ್ತಿದ್ದರು. ಅವರ ಮನೆಯವರು ಎರಡು ಕೊಡ ಮಜ್ಜಿಗೆ ತಂದಿಟ್ಟಿದ್ದರು. ಹಿಂದಿನ ಸಲ ಕಾಯಿ ಒಡೆಯದೆ ಮಣ್ಣು ತೆಗೆದದ್ದೇ ತಪ್ಪಾಗಿದೆ ಎಂದು ಹೇಳಿ, ಮೊದಲು ಬದುವಿನ ಕಲ್ಲಿಗೆ ಕಾಯಿ ಒಡೆಸಿದರು. ಆಮೇಲೆ ನಮ್ಮನ್ನು ನೇರವಾಗಿ ಬೇವಿನ ಮರದ ಕೆಳಗೆ ಕರೆದೊಯ್ದು ಅಲ್ಲಿ ತೋಡಿ ಎಂದರು. ಅದು ಅವರ ಆಕಳನ್ನು ಕಟ್ಟುವ ಜಾಗ.

ನಿಜ ಹೇಳಬೇಕೆಂದರೆ ಅಲ್ಲಿಯೇ ತೋಡಿ ಮುಗಿಸೋಣ ಎಂದು ನನಗೆ ಅನ್ನಿಸಿತ್ತು. ಮಾನಿಟರ್ ಮುಂದೆ ಬಂದಳು.

“ಅಪ್ಪಾ, ಇಲ್ಲಿ ಬ್ಯಾಡ” ಎಂದಳು. “ಇದು ಕಾಪಿ ಹೊಡದಂಗ ಆಗತೈತಿ.”

ಅಪ್ಪ ಮಗಳ ಮುಖ ನೋಡಿದರು. ಮೂವತ್ತೇಳು ಮಕ್ಕಳು ನೆಲ ನೋಡಿದರು. ಅಣ್ಣನ ಮದುವೆಗೆ ಅಡ್ಡ ನಿಂತಿದ್ದೀ ಎಂದು ತಾಯಿ ಮಜ್ಜಿಗೆ ಕೊಡದ ಹಿಂದಿನಿಂದ ಗೊಣಗಿದರು. ಹುಡುಗಿ ಅಲುಗಲಿಲ್ಲ. ಕೊನೆಗೆ ಅವಳೇ ಹೊಲದ ಮೂಲೆಯಿಂದ ಅಂಕುಡೊಂಕಾಗಿ ಹೆಜ್ಜೆ ಹಾಕುತ್ತ ಹೊರಟಳು, ಉಳಿದವರು ಗುದ್ದಲಿ ಹಿಡಿದು ಹಿಂದೆ ಹೋದರು.

ಒಣಗಿಸಿದ ಮಣ್ಣನ್ನು ಬುಧವಾರ ಪರೀಕ್ಷೆ ಮಾಡಿದೆವು. ಅಪ್ಪ ಮೊದಲ ಬೆಂಚಿನಲ್ಲಿ ಮಕ್ಕಳ ನಡುವೆ ಕುಳಿತಿದ್ದರು, ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು. ಬಾಟಲಿ ಅಲುಗಾಡಿಸಿ ಕಾರ್ಡಿನ ಪಕ್ಕ ಹಿಡಿದರೆ ಎರಡು ಅಂಕದ ಬಣ್ಣ. ಮೊದಲಿದ್ದುದಕ್ಕಿಂತ ಒಂದು ಕಡಿಮೆ. ಮತ್ತೊಮ್ಮೆ ಮಾಡಿದರೂ ಅದೇ ಬಂತು. ನಾನು ಮಾನಿಟರಿನ ಕಿವಿಯಲ್ಲಿ, ಹಿಂದಿನ ಮೂರನ್ನೇ ಉಳಿಸೋಣವೇ ಎಂದು ಕೇಳಿದೆ. ಕಂಡದ್ದನ್ನೇ ಬರೆಯಬೇಕೆಂದು ನೀವೇ ಹೇಳಿದ್ದಿರಲ್ಲ ಎಂದು ಅವಳು ಗಟ್ಟಿಯಾಗಿಯೇ ಹೇಳಿದಳು. ಆ ಹೊತ್ತು ನನಗೆ ಎಷ್ಟು ನಾಚಿಕೆಯಾಯಿತೆಂದರೆ ಸುಮ್ಮನೆ ಬಾಟಲಿ ತೊಳೆಯತೊಡಗಿದೆ.

ಅವಳಪ್ಪ ಎದ್ದು ಬಂದು ಉಳಿದ ಮಣ್ಣನ್ನು ಬೆರಳಿನಿಂದ ತಿಕ್ಕಿ ನೋಡಿದರು. ಆಮೇಲೆ, ತಮ್ಮ ತಂದೆಯ ಕಾಲದಲ್ಲಿ ಮನೆಯಲ್ಲಿ ನಾಲ್ಕು ಎತ್ತು, ಮೂರು ಎಮ್ಮೆ ಇದ್ದವು, ತಿಪ್ಪೆ ಮನೆಯಷ್ಟು ಎತ್ತರ ಏರುತ್ತಿತ್ತು ಎಂದು ಮಕ್ಕಳಿಗೆ ಹೇಳಿದರು. ಈಗ ಒಂದು ಆಕಳು. “ಎತ್ತ ಹೋಗಿ ಟ್ರ್ಯಾಕ್ಟರ್ ಬಂತು” ಎಂದರು. “ಟ್ರ್ಯಾಕ್ಟರ್ ಸೆಗಣಿ ಹಾಕೂದಿಲ್ಲ ನೋಡ್ರಿ.”

ನನ್ನ ವರ್ಷದ ಪಾಠಗಳಲ್ಲಿ ಅಷ್ಟು ಸರಿಯಾದ ವಾಕ್ಯ ಒಂದೂ ಇರಲಿಲ್ಲ.

ಪಾಸಾಗಬೇಕಾದರೆ ಏನು ಮಾಡಬೇಕು ಎಂದು ಅವರು ಕೇಳಿದರು. ನಾನು ಅಲ್ಲಿಯೇ ಪುಸ್ತಕ ತೆರೆದು ಓದಿ ಹೇಳಿದೆ: ಮೊದಲ ಮಳೆಗೆ ಸೆಣಬು ಬಿತ್ತುವುದು, ಹೂವಿಗೆ ಬಂದಾಗ ಹಾಗೆಯೇ ನೆಲದಲ್ಲಿ ಮಗುಚಿ ಕೊಳೆಯಲು ಬಿಡುವುದು, ಹಿಂಗಾರಿಗೆ ಜೋಳ ಬಿತ್ತುವುದು. ಅವರ ಮುತ್ಯಾ, ಅಂದರೆ ಅಜ್ಜ, ಹೀಗೆ ಮಾಡುತ್ತಿದ್ದುದು ಅವರಿಗೆ ನೆನಪಾಯಿತು. ರಸ್ತೆಯ ಪಕ್ಕದ ಎರಡು ಎಕರೆಯನ್ನು ಹಾಗೆ ಮಾಡುತ್ತೇನೆ, ಮಕ್ಕಳು ಬಂದು ಮಾಡಲಿ, ಕಲಿಯಲಿ ಎಂದರು. ಫೇರತಪಾಸಣಿಯ ಸುದ್ದಿ ತಿಳಿದು ಇನ್ನೂ ಹತ್ತು ಮಂದಿ ತಮ್ಮ ಹೊಲದ್ದೂ ಮಾಡಿ ಎಂದು ಬಂದರು. ಒಂಬತ್ತು ಅಂಕದ ಹಿರಿಯರೊಬ್ಬರೇ, ಹೊಲವನ್ನು ಪದೇ ಪದೇ ಕೆದಕಬಾರದು, ಶಾಸ್ತ್ರದಲ್ಲಿ ಹೇಳಿದೆ ಎಂದು ದೂರ ಉಳಿದರು.

ಜೂನಿನಲ್ಲಿ ಮಕ್ಕಳು ಹತ್ತನೆಯ ತರಗತಿಗೆ ಹೋಗಿದ್ದರೂ ಸೆಣಬು ಬಿತ್ತಲು ಅವರೇ ಬಂದರು. ಕೂರಿಗೆಯಿಂದ ಬಿತ್ತಿ ಮುಗಿದ ಮೇಲೆ ದಂಡೆಗೆ ಉಳಿದ ಒಂದು ಸಾಲನ್ನು ನಾನು ಕೈಯಿಂದ ಬಿತ್ತಿದೆ. ಎಂಟು ದಿನಕ್ಕೆ ಮೊಳಕೆ ಬಂದಾಗ ನೋಡಿದರೆ ಎಲ್ಲ ಸಾಲೂ ನೆಟ್ಟಗೆ, ನನ್ನದು ಮಾತ್ರ ಹಾವು ಹರಿದಂತೆ. ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತಿತ್ತು. ಅದಕ್ಕೆ ‘ಬಾಯಾರ ಸಾಲು’ ಎಂಬ ಹೆಸರೇ ಬಿತ್ತು. ಹಾದಿಹೋಕರು ಮಾನಿಟರಿನ ಅಪ್ಪನನ್ನು ಮಾತಾಡಿಸದೆ ಹೋಗುತ್ತಿರಲಿಲ್ಲ. ಸೆಣಬಿನ ನಾರಿನಿಂದ ಹಗ್ಗ ಮಾಡುತ್ತಾರಲ್ಲ, ಮುಪ್ಪಿನಲ್ಲಿ ಹಗ್ಗ ಹೊಸೆಯುವ ಧಂದೆ ಹಿಡಿದೆಯೇನು ಎಂದು ಕೇಳುತ್ತಿದ್ದರು. ಅವರು ನಕ್ಕು ಕೆಲಸ ಮುಂದುವರಿಸುತ್ತಿದ್ದರು. ಹೆಣ್ಣಿನ ಕಡೆಯಿಂದ ಅಷ್ಟರವರೆಗೆ ಒಂದು ಮಾತೂ ಬಂದಿರಲಿಲ್ಲ. ಮಳೆ ಚೆನ್ನಾಗಿ ಬಿದ್ದಿತ್ತು. ಆಗಸ್ಟಿನ ಹೊತ್ತಿಗೆ ಬೆಳೆ ಮಾನಿಟರಿನ ಭುಜ ಮುಟ್ಟಿ ಹಳದಿ ಹೂ ಬಿಟ್ಟಿತು.

ಮಗುಚುವ ದಿನ ನಾವೆಲ್ಲ ದಂಡೆಯ ಮೇಲೆ ವಹಿ ಹಿಡಿದು ನಿಂತಿದ್ದೆವು. ಹಿರಿಯ ಮಗ ಟ್ರ್ಯಾಕ್ಟರ್ ತಂದಿದ್ದ. ಮೊದಲ ಸುತ್ತಿಗೆ ಹೂವಿನ ಸಾಲು ಮಣ್ಣಿನ ಕೆಳಗೆ ಹೋದಾಗ ಅವನ ಅಪ್ಪ ಆಚೆ ತಿರುಗಿ ನಿಂತರು. ಎದೆಯೆತ್ತರದ ಹಸಿರನ್ನು ಬೇಕೆಂದೇ ಮುಚ್ಚುವುದು ಒಕ್ಕಲಿಗನಿಗೆ ಸುಲಭವಲ್ಲ ಎನ್ನುವುದನ್ನು ಅಂದು ನಾನೂ ನೋಡಿ ತಿಳಿದೆ.

ಅದೇ ಹೊತ್ತಿಗೆ ರಸ್ತೆಯಲ್ಲಿ ಒಂದು ಜೀಪು ನಿಂತು ಇಬ್ಬರು ಇಳಿದರು. ಹೆಣ್ಣಿನ ತಂದೆ, ಮತ್ತು ಫೋನು ತೋರಿಸಿದ್ದ ಆ ಸೋದರಮಾವ. ಮನೆಗೆ ಹೋಗಿ, ಯಜಮಾನರು ಹೊಲದಲ್ಲಿದ್ದಾರೆ ಎಂದು ತಿಳಿದು ಇಲ್ಲಿಗೇ ಬಂದಿದ್ದರು. ಬದುವಿನ ಮೇಲೆ ನಿಂತು ಅವರು ಟ್ರ್ಯಾಕ್ಟರನ್ನೂ ಮಣ್ಣಾಗುತ್ತಿದ್ದ ಹೂವನ್ನೂ ನೋಡಿದರು.

“ಯಜಮಾನ್ರ, ನಿಂತ ಬೆಳಿ ಯಾಕ ಮುಚ್ಚಾಕತ್ತೀರಿ?” ಎಂದು ಹೆಣ್ಣಿನ ತಂದೆ ಕೇಳಿದರು.

“ನಿಮ್ಮ ಸಲುವಾಗೇರಿ” ಎಂದರು ಇವರು.

ಹೆಣ್ಣಿನ ತಂದೆಗೆ ಅರ್ಥವಾಗಲಿಲ್ಲ. ಇವರು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದರು: ಮೂರು ಅಂಕ, ಕಾಯಿ ಒಡೆದದ್ದು, ಎರಡು ಅಂಕ, ಸೆಣಬು. ಗುಡ್ಡಾಪುರದ ದಾನಮ್ಮನ ಆಣೆ, ಮುಂದಿನ ವರ್ಷ ಹೊಲ ಪಾಸಾಗುತ್ತದೆ ಎಂದರು. ಹೆಣ್ಣಿನ ತಂದೆ ಮೈದುನನ ಕಡೆ ನೋಡಿದರು. ಸೋದರಮಾವ ತನ್ನ ಕಾಲ ಬೆರಳು ನೋಡಿಕೊಂಡ.

ನಡೆದದ್ದು ಇಷ್ಟು. ಹುಡುಗಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಪರೀಕ್ಷೆ ಮುಗಿದು ನಿಕಾಲಿ, ಅಂದರೆ ಫಲಿತಾಂಶ, ಬರುವವರೆಗೆ ಮದುವೆಯ ಮಾತು ಬೇಡ ಎಂದು ಮನೆಯಲ್ಲಿ ಹಟ ಹಿಡಿದಿದ್ದಳು. ಅದಕ್ಕೇ ಅವರು ದಿನ ಬಿಟ್ಟು ತಿಳಿಸುತ್ತೇವೆ ಎಂದದ್ದು. ನಿಕಾಲಿ ಹೋದ ವಾರ ಬಂದಿತ್ತು, ಪಾಸಾಗಿದ್ದಳು. ಹೊಲದ ಮಾತನ್ನು ಸೋದರಮಾವ ಚಹಾದ ಹೊತ್ತಿನ ಚೇಷ್ಟೆಗೆಂದು ಆಡಿ, ಜೀಪು ಹತ್ತುವಷ್ಟರಲ್ಲಿ ಮರೆತಿದ್ದ. ಅವರ ಸ್ವಂತ ಹೊಲದ ಮಣ್ಣನ್ನು ಯಾರೂ ಎಂದೂ ಪರೀಕ್ಷೆ ಮಾಡಿರಲಿಲ್ಲ.

ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದೆ. ಮೊದಲು ನಕ್ಕವರು ಹೆಣ್ಣಿನ ತಂದೆ. ಆಮೇಲೆ ಮಾನಿಟರಿನ ಅಪ್ಪನೂ ನಕ್ಕರು, ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಮಗ ಏನಾಯಿತೆಂದು ತಿಳಿಯದೆ ದೂರದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದ. ಇನ್ನು ಮುಚ್ಚುವುದು ಬೇಡವೇ ಎಂದು ಅವನು ಕೂಗಿ ಕೇಳಿದ. ಅಪ್ಪ ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡರು.

“ನಡೀಲಿ” ಎಂದರು. “ಮದವಿ ಬ್ಯಾರೆ, ಹೊಲಾ ಬ್ಯಾರೆ.”

ಎರಡೆಕರೆಯೂ ಮಣ್ಣಾಯಿತು. ಮುಂದಿನ ವಾರ ಅವರ ಮನೆಯಲ್ಲಿ ಸಾಕರಪುಡಾ ಆಯಿತು. ನಿಶ್ಚಿತಾರ್ಥಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಅಕ್ಟೋಬರಿನಲ್ಲಿ ಜೋಳ ಬಿತ್ತಿದರು, ದೀಪಾವಳಿಯಾದ ಮೇಲೆ ಮದುವೆ ಮಾಡಿದರು. ಮದುವೆಯ ಊಟದಲ್ಲಿ ಮುಖ್ಯಾಧ್ಯಾಪಕರು ನನ್ನ ಪಕ್ಕ ಕುಳಿತು, ಈ ಮಣ್ಣು ಪರೀಕ್ಷೆ ತಮ್ಮದೇ ಕಲ್ಪನೆ ಎಂದು ಬೀಗರಿಗೆಲ್ಲ ಹೇಳಿದರು. ನಾನು ಎಲೆಯ ಮೇಲಿನ ಸಿಹಿ ಮಾದಲಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ಜನವರಿಯಲ್ಲಿ ಜೋಳದ ತೆನೆ ಹಾಲು ತುಂಬಿ ಸೀತನಿಗೆ ಬಂದಾಗ ಅವರು ಇಡೀ ತರಗತಿಯನ್ನು ಹೊಲಕ್ಕೆ ಕರೆದರು. ತಗ್ಗಿನಲ್ಲಿ ಸೆಗಣಿಯ ಕುಳ್ಳು ಹೊತ್ತಿಸಿ, ಎಳೆಯ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ ಶೇಂಗಾ ಚಟ್ನಿಯೊಂದಿಗೆ ತಿನ್ನುವುದು. ಸೊಸೆ ಮಕ್ಕಳ ನಡುವೆ ಕುಳಿತು ಕಾಳು ತಿಕ್ಕಿ ಎಲ್ಲರಿಗೂ ಹಂಚುತ್ತಿದ್ದಳು. ನನ್ನ ಅಂಗೈ ಎರಡನೆಯ ತೆನೆಗೇ ಕೆಂಪಾಯಿತು, ಆದರೂ ಬಿಡಲಿಲ್ಲ. ಹೊರಡುವಾಗ ಒಂದು ಕಟ್ಟು ತೆನೆಯನ್ನು ಸ್ಕೂಟಿಗೆ ಕಟ್ಟಿಕೊಟ್ಟರು. ಮನೆಯಲ್ಲಿ ನನ್ನ ಯಜಮಾನರು, ಇದನ್ನು ತಿನ್ನುವುದು ಹೇಗೆ ಎಂದು ಕೇಳಿದರು. ಪಕ್ಕದಲ್ಲಿ ಕೂರಿಸಿಕೊಂಡು ಗ್ಯಾಸಿನ ಮೇಲೆ ಮಾಡಿ ತೋರಿಸಿದೆ. ಅರ್ಧ ತೆನೆ ಕರಿಯಾದವು, ಅರ್ಧ ಹಸಿ ಉಳಿದವು. ಇಬ್ಬರೂ ಒಂದು ಕಾಳನ್ನೂ ಬಿಡದೆ ತಿಂದೆವು.